ಎಪ್ಪತ್ತೆರಡು ಗಂಟೆ

ತಲಪಾಡಿ ಟೋಲ್‌ಗೇಟಿನ ಆಚೆ, ನೀಲಿ ತಾಡಪಾಲಿನ ಕೆಳಗೆ
ನನ್ನ ಮೇಜು. ಒಂದು ಪ್ಲಾಸ್ಟಿಕ್ ಕುರ್ಚಿ,
ಅದರ ಮುರಿದ ಕಾಲಿಗೆ ಮುರಕಲ್ಲಿನ ಚೂರು.
ಬಂದವರಿಗೆಲ್ಲ ಒಂದೇ ಮಾತು:
ತಲೆ ಹಿಂದೆ, ಗದ್ದ ಮೇಲೆ, ಕಣ್ಣು ಮುಚ್ಚಿ.

ಮಂಜೇಶ್ವರದವರು, ಉಪ್ಪಳದವರು,
ಹಾಲಿನ ಕ್ಯಾನು, ಬುತ್ತಿ, ಡಯಾಲಿಸಿಸ್ ಫೈಲು ಹಿಡಿದವರು.
ಎಲ್ಲರ ಮೂಗಿನೊಳಗೂ ಹೋಗಿ ಬಂದಿದ್ದೇನೆ.
ಅಲ್ಲಿ ಯಾವ ರಾಜ್ಯವೂ ಇಲ್ಲ.
ನಶ್ಯದ ವಾಸನೆ ಇದೆ, ಒಂದು ಸೀನು
ಹೊರಡಲೋ ಬೇಡವೋ ಎಂದು ಕಾಯುತ್ತಿದೆ.

ಕಾಗದಕ್ಕೆ ಮೂರು ದಿನ ಆಯುಷ್ಯ.
ಎಪ್ಪತ್ತೆರಡು ಗಂಟೆ ಮುಗಿದರೆ
ಮನುಷ್ಯ ಮತ್ತೆ ಅನುಮಾನ.

ವಾರಿಜಾ ಗೇರುಬೀಜದ ಫ್ಯಾಕ್ಟರಿಯವಳು.
ಬೆರಳ ತುದಿಗಳೆಲ್ಲ ಕಪ್ಪು, ಲೆಕ್ಕ ಆ ಬೆರಳುಗಳಲ್ಲೇ:
"ದಿನಕ್ಕೆ ಮುನ್ನೂರ ನಲವತ್ತು. ಮೂರು ದಿನಕ್ಕೆ ಸಾವಿರದ ಇಪ್ಪತ್ತು.
ಅದರಲ್ಲಿ ಐನೂರು ನಿಮ್ಮ ಕಡ್ಡಿಗೆ.
ಬಸ್ಸಿಗೆ ಬೇರೆ ಉಂಟು.
ಉಳಿದದ್ದರಲ್ಲಿ ಉಣ್ಣುವುದು ಎಂತದು ಮಾರಾಯ್ತಿ?"
ನನಗೆ ಒಂದು ಕಡ್ಡಿಗೆ ಇಪ್ಪತ್ತು ರೂಪಾಯಿ.
ಹೇಳಲಿಲ್ಲ.

ರಿಕ್ಷಾ ಸ್ಟ್ಯಾಂಡಿನ ಸಂಜೀವ ಗಟ್ಟಿಯವರು ದಿನಾ ಬರುತ್ತಿದ್ದರು,
ಪರೀಕ್ಷೆಗಲ್ಲ, ಜಗಳಕ್ಕೆ.
"ನನ್ನ ಮೂಗು ಇದು. ನಮ್ಮಪ್ಪನದೂ ಹೀಗೇ ಇತ್ತು.
ಇದಕ್ಕೆ ಸುಂಕ ಕಟ್ಟಿಸಲು ಇವರು ಯಾರು?
ನನ್ನ ಜಾಗದಲ್ಲಿ ಬಚ್ಚಲು ಕೇರಳ, ಬಾವಿ ಕರ್ನಾಟಕ.
ನೀರು ಸೇದಲಿಕ್ಕೂ ರಿಪೋರ್ಟು ತರಬೇಕಾ?"
ಕ್ಯೂ ನಗುತ್ತಿತ್ತು. ಪೊಲೀಸನೂ ನಕ್ಕ,
ಅವನ ಕಣ್ಣಿನಂಚಿನಲ್ಲಿ ಅದು ಕಂಡಿತು.

ನಗದವರು ಪಾಸ್ಕಲ್ ಮಾಮ್, ಪಕ್ಕದ ರಿಕ್ಷಾದವರು.
ಇಪ್ಪತ್ತು ವರ್ಷ ಒಂದೇ ಸ್ಟ್ಯಾಂಡು, ಒಂದೇ ಬೀಡಿಕಟ್ಟು.
"ನನ್ನ ತಂಗಿ ಜಸಿಂತಾಳನ್ನು
ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಕೊಟ್ಟರು, ಗಟ್ಟಿ.
ಮುಖ ನೋಡಲಿಕ್ಕೆ ಬಿಡಲಿಲ್ಲ.
ಅವಳ ಮನೆಗೆ ಯಾರೋ ಒಬ್ಬ ಬಂದಿದ್ದನಂತೆ, ನಿನ್ನ ಹಾಗೆ ಸ್ವತಂತ್ರ.
ಚಾ ಕುಡಿದು ಹೋದ."

ಗಟ್ಟಿಯವರು ಸ್ವಲ್ಪ ಹೊತ್ತು ಚಪ್ಪಲಿ ನೋಡಿದರು.
"ಅದಕ್ಕೆ ಈ ವಾರಿಜಾ ಯಾಕೆ ಐನೂರು ಕೊಡಬೇಕು?"
ಪಾಸ್ಕಲ್ ಮಾಮ್ ಬಾಯಿ ತೆರೆದರು.
ಮಾಸ್ಕು ಒಮ್ಮೆ ಒಳಗೆ ಎಳೆದುಕೊಂಡಿತು, ಮಾತು ಬರಲಿಲ್ಲ.
"ಪರೀಕ್ಷೆ ಇರಲಿ, ದುಡ್ಡು ಸರ್ಕಾರ ಕೊಡಲಿ" ಎಂದರು ಹಿಂದಿನಿಂದ ಯಾರೋ.
"ಹೌದು, ಕೊಡಲಿ" ಎಂದಿತು ಇಡೀ ಕ್ಯೂ,
ಆಮೇಲೆ ಪರ್ಸು ತೆಗೆಯಿತು.

ಮರುದಿನದಿಂದ ಆ ಎರಡು ರಿಕ್ಷಾಗಳ ನಡುವೆ
ಇನ್ನೊಂದು ರಿಕ್ಷಾ ನಿಲ್ಲುವಷ್ಟು ಜಾಗ.

ಎರಡನೇ ವಾರ ವಾರಿಜಾ ನನ್ನ ಕುರ್ಚಿಗೆ ಬರಲಿಲ್ಲ.
ಕಂಡದ್ದು ಕೆ.ಸಿ. ರೋಡಿನ ಬಸ್‌ಸ್ಟಾಪಿನಲ್ಲಿ, ಗಡಿಯ ಈಚೆ.
ಪಾದಕ್ಕೆ ಗದ್ದೆಯ ಕೆಸರು,
ಸೀರೆಯ ಅಂಚಿಗೆ ಯಾರದೋ ಬೇಲಿಯ ಮುಳ್ಳು.
ಅವಳು ನನ್ನನ್ನು ನೋಡಿದಳು.
ನಾನು ಬಸ್ಸು ಬರುವ ದಿಕ್ಕು ನೋಡಿದೆ.

ರಾತ್ರಿ ಅಮ್ಮನ ದಮ್ಮು ಗೋಡೆಯ ಆಚೆ
ಹಳೆಯ ಬಾಗಿಲಿನ ಹಾಗೆ ತೆರೆದು ಮುಚ್ಚುತ್ತಿತ್ತು.
ವಾರಿಜಾ ಹತ್ತಿದ ಬಸ್ಸಿನಲ್ಲಿ ಇಂಥ ಎಷ್ಟು ಎದೆಗಳೋ.
ಅವಳ ಒಲೆಯ ಮೇಲೆ ಆ ಐನೂರರ ಕುಚ್ಚಲಕ್ಕಿ ಕುದಿಯುತ್ತಿರಬಹುದು.
ಇದನ್ನೂ ಅದನ್ನೂ ಒಂದೇ ಟ್ಯೂಬಿಗೆ ಹಾಕಿ
ಮುಚ್ಚಳ ತಿರುಗಿಸುವುದನ್ನು
ನನಗೆ ತರಬೇತಿಯಲ್ಲಿ ಕಲಿಸಿರಲಿಲ್ಲ.

ತಾಡಪಾಲು ಈಗಿಲ್ಲ. ಕಂಬ ಊರಿದ ನಾಲ್ಕು ಗುಂಡಿಗಳಲ್ಲಿ
ಮಳೆಗಾಲಕ್ಕೆ ಕಪ್ಪೆಮರಿಗಳು.
ಗಟ್ಟಿಯವರಿಗೆ ಚಿಲ್ಲರೆ ಬೇಕಾದರೆ
ಪಾಸ್ಕಲ್ ಮಾಮ್ ಕೊಡುತ್ತಾರೆ, ಮಾತಾಡದೆ, ಎಣಿಸಿ.

ನಿನ್ನೆ ಬಸ್ಸಿನಲ್ಲಿ ಪಕ್ಕದ ಸೀಟಿನಲ್ಲಿ ಒಬ್ಬಳು.
ನನ್ನ ಮುಖ ಅವಳಿಗೆ ಗೊತ್ತಿಲ್ಲ, ಆಗ ಬರೀ ಕಣ್ಣಲ್ಲವೇ ಕಂಡದ್ದು.
ತಿರುಗಿದಳು. ಕಣ್ಣಿಗೆ ಕಣ್ಣು ಸಿಕ್ಕಿತು.
ಸಿಕ್ಕಿದ್ದೇ ತಡ, ತಾನಾಗಿಯೇ
ಅವಳ ತಲೆ ಹಿಂದಕ್ಕೆ ವಾಲಿತು, ಗದ್ದ ಮೇಲೆದ್ದಿತು.
ನನ್ನ ಕೈಯೂ ಎದ್ದಿತ್ತು.
ಇಬ್ಬರಿಗೂ ನಾಚಿಕೆ, ನಗು.

"ಅವತ್ತು ಕೆ.ಸಿ. ರೋಡಿನಲ್ಲಿ ನೋಡಿದ್ರಿ ಅಲ್ವಾ?"
"ನೋಡಿದ್ದೆ."
"ಮತ್ತೆ?"

ಕಂಡಕ್ಟರ್ ಸೀಟಿ ಊದಿದ:
ತಲಪಾಡಿ, ಗೇಟಿನಲ್ಲಿ ಇಳಿಯುವವರು ಮುಂದೆ ಬನ್ನಿ.